ಲಕ್ವ ವಾಸಿಯಾಯಿತು, ಇನ್ನೂ ಕೊಲೆಸ್ಟೆರಾಲ್ ಗುಳಿಗೆ ಯಾಕೆ?

ಮನೆಯಲ್ಲಿ ಒಬ್ಬರಿಗೆ ಪಾರ್ಶ್ವವಾಯು ಹೊಡೆದು ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ತಿಂಗಳು ಎಲ್ಲವೂ ಶಿಸ್ತಿನಿಂದ ನಡೆಯುತ್ತದೆ. ಬೆಳಿಗ್ಗೆ ಇಷ್ಟು ಗುಳಿಗೆ, ರಾತ್ರಿ ಇಷ್ಟು ಗುಳಿಗೆ ಎಂದು ಸೊಸೆಯೋ ಮಗಳೋ ಚೀಟಿ ಬರೆದು ಗೋಡೆಗೆ ಅಂಟಿಸಿರುತ್ತಾರೆ. ವ್ಯಾಯಾಮ ಮಾಡಿಸುವವರು ಬಂದು ಹೋಗುತ್ತಾರೆ. ಮೂರು ತಿಂಗಳಿಗೆ ಕೈ ಎತ್ತಲು ಬರುತ್ತದೆ, ಆರು ತಿಂಗಳಿಗೆ ಕೋಲು ಹಿಡಿದು ಬೀದಿಯ ಕೊನೆಯವರೆಗೆ ನಡೆಯುತ್ತಾರೆ. ಮನೆಯವರೆಲ್ಲ ಉಸಿರು ಬಿಡುತ್ತಾರೆ. ಗುಳಿಗೆಗಳು ಒಂದೊಂದಾಗಿ ಉದುರಲು ಶುರುವಾಗುವುದೂ ಆಗಲೇ.

ಅವುಗಳಲ್ಲಿ ಮೊದಲು ಉದುರುವುದು ಸಾಮಾನ್ಯವಾಗಿ ಕೊಲೆಸ್ಟೆರಾಲ್ ಗುಳಿಗೆ. ರಕ್ತದೊತ್ತಡದ ಗುಳಿಗೆ ಬಿಟ್ಟರೆ ತಲೆ ಸುತ್ತುತ್ತದೆ ಎಂಬ ಹೆದರಿಕೆಯಾದರೂ ಇದೆ. ಸಕ್ಕರೆ ಕಾಯಿಲೆಯ ಗುಳಿಗೆಗೆ ತಿಂಗಳಿಗೊಮ್ಮೆ ಪರೀಕ್ಷೆಯ ಕಾವಲಿದೆ. ಕೊಲೆಸ್ಟೆರಾಲ್ ಗುಳಿಗೆಗೆ ಇವೆರಡೂ ಇಲ್ಲ. ನುಂಗಿದರೂ ಏನೂ ಗೊತ್ತಾಗುವುದಿಲ್ಲ, ನುಂಗದಿದ್ದರೂ ಏನೂ ಗೊತ್ತಾಗುವುದಿಲ್ಲ. ಜೊತೆಗೆ ಕಾರಣಗಳೂ ಸಿದ್ಧವಾಗಿರುತ್ತವೆ: 'ರಿಪೋರ್ಟಿನಲ್ಲಿ ನಾರ್ಮಲ್ ಬಂದಿದೆ', 'ನಾವು ಮಾಂಸ ಮೊಟ್ಟೆ ಮುಟ್ಟುವವರಲ್ಲ', 'ಆ ಗುಳಿಗೆಯಿಂದ ಲಿವರ್ ಕೆಡುತ್ತದಂತೆ', 'ಎದುರುಮನೆಯವರು ಬಿಟ್ಟು ಒಂದು ವರ್ಷವಾಯಿತು, ಚೆನ್ನಾಗಿಯೇ ಇದ್ದಾರೆ'.

ಈ ಒಂದು ಗುಳಿಗೆಯ ಬಗ್ಗೆ ಇಡೀ ಲೇಖನ ಬರೆಯುವುದಕ್ಕೆ ಕಾರಣವಿದೆ. ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಬಂದವರನ್ನು ಮುಂದಿನ ವರ್ಷಗಳಲ್ಲಿ ಕಾಡುವುದು ಇನ್ನೊಂದು ಪಾರ್ಶ್ವವಾಯು ಮಾತ್ರವಲ್ಲ, ಹೃದಯಾಘಾತವೂ ಕಾಡುತ್ತದೆ. ಮನೆಯವರ ಕಣ್ಣೆಲ್ಲ ಸೋತ ಕೈಕಾಲಿನ ಮೇಲಿರುವಾಗ ಎದೆಯ ಕಡೆಗೆ ಗಮನ ಹೋಗುವುದೇ ಇಲ್ಲ.

ಹೆಸರಿನಲ್ಲಿರುವ 'ಕೊಲೆ'

ಕೊಲೆಸ್ಟೆರಾಲ್ ಎಂಬ ಹೆಸರಿನಲ್ಲೇ ಕೊಲೆ ಇದೆ ಎಂದು ನಮ್ಮಲ್ಲಿ ತಮಾಷೆ ಮಾಡುವುದುಂಟು. ಪಾಪ, ಆ 'ಕೊಲೆ' ನಮ್ಮದಲ್ಲ, ಗ್ರೀಕರದು. ಅವರ ಭಾಷೆಯಲ್ಲಿ ಅದಕ್ಕೆ ಪಿತ್ತ ಎಂದು ಅರ್ಥ. ಪಿತ್ತಕೋಶದ ಕಲ್ಲುಗಳಲ್ಲಿ ಈ ಮೇಣದಂಥ ವಸ್ತು ಮೊದಲು ಸಿಕ್ಕಿದ್ದರಿಂದ, 1815ರ ಸುಮಾರಿಗೆ ಫ್ರಾನ್ಸಿನ ರಸಾಯನ ವಿಜ್ಞಾನಿ ಶೆವ್ರೂಲ್ 'ಗಟ್ಟಿಯಾದ ಪಿತ್ತ' ಎಂಬರ್ಥದ ಹೆಸರನ್ನು ಇದಕ್ಕೆ ಕೊಟ್ಟರು.

ಕೊಲೆಗಾರನೆಂಬ ಅಪವಾದ ಅಂಟಿಕೊಳ್ಳುವ ಮೊದಲು ಇದು ಮಾಡುವ ಕೆಲಸಗಳನ್ನು ನೋಡಿ. ನಮ್ಮ ಶರೀರದ ಪ್ರತಿಯೊಂದು ಜೀವಕೋಶದ ಹೊರಪೊರೆಗೂ ಕೊಲೆಸ್ಟೆರಾಲ್ ಬೇಕು. ಗೋಡೆಯ ಗಾರೆಯಲ್ಲಿ ಸುಣ್ಣ ಇರುವಂತೆ ಅದು ಪೊರೆಗೆ ಬಿಗಿ ಕೊಡುತ್ತದೆ. ಊಟದ ಜಿಡ್ಡು ಅರಗಲು ಬೇಕಾದ ಪಿತ್ತರಸದ ಆಮ್ಲಗಳು ಇದರಿಂದಲೇ ತಯಾರಾಗುತ್ತವೆ. ಗಂಡು ಹೆಣ್ಣಿನ ಹಾರ್ಮೋನುಗಳು, ಮೂತ್ರಪಿಂಡದ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಗ್ರಂಥಿಗಳ ಹಾರ್ಮೋನುಗಳು, ಬಿಸಿಲಿನಲ್ಲಿ ಚರ್ಮ ತಯಾರಿಸುವ ಡಿ ಜೀವಸತ್ವ, ಎಲ್ಲಕ್ಕೂ ಮೂಲ ಸಾಮಗ್ರಿ ಇದೇ ಬಳಗದ್ದು. ಮಿದುಳಿಗಂತೂ ಇದು ತೀರ ಅಗತ್ಯ. ಶರೀರದ ತೂಕದ ನೂರಕ್ಕೆ ಎರಡರಷ್ಟೇ ಇರುವ ಮಿದುಳಿನಲ್ಲಿ ಶರೀರದ ಒಟ್ಟು ಕೊಲೆಸ್ಟೆರಾಲಿನ ಐದನೆಯ ಒಂದು ಭಾಗಕ್ಕಿಂತಲೂ ಹೆಚ್ಚು ಇದೆ. ನರತಂತುಗಳ ಮೇಲೆ ವಿದ್ಯುತ್ ತಂತಿಯ ಹೊದಿಕೆಯಂತೆ ಇರುವ ಪದರದಲ್ಲಿ ಅದರ ಬಹುಪಾಲು ಸೇರಿಕೊಂಡಿದೆ.

ಇಷ್ಟು ಮುಖ್ಯವಾದ ವಸ್ತುವನ್ನು ಶರೀರ ನಮ್ಮ ಊಟದ ಮರ್ಜಿಗೆ ಬಿಟ್ಟಿಲ್ಲ. ದಿನಕ್ಕೆ ಸುಮಾರು ಒಂದು ಗ್ರಾಮಿನಷ್ಟನ್ನು ತಾನೇ ತಯಾರಿಸಿಕೊಳ್ಳುತ್ತದೆ. ಆಹಾರದಿಂದ ಸೇರುವುದು ಅದಕ್ಕಿಂತ ತುಂಬ ಕಡಿಮೆ. 'ನಾವು ಸಸ್ಯಾಹಾರಿಗಳು, ನಮಗೆ ಎಲ್ಲಿಂದ ಕೊಲೆಸ್ಟೆರಾಲ್?' ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ: ನಿಮ್ಮ ಪಿತ್ತಜನಕಾಂಗದಿಂದ. ತುಪ್ಪ, ಬೆಣ್ಣೆ, ಕೆನೆ, ವನಸ್ಪತಿ, ಪಾಮ್ ಎಣ್ಣೆಗಳಲ್ಲಿರುವ ಗಟ್ಟಿ ಕೊಬ್ಬು ರಕ್ತದ ಕೊಲೆಸ್ಟೆರಾಲನ್ನು ಏರಿಸುತ್ತದೆ. ಅದಕ್ಕೆ ಮೊಟ್ಟೆ ಮಾಂಸವೇ ಬೇಕೆಂದಿಲ್ಲ. ಅಂದ ಹಾಗೆ, 'ನಮ್ಮ ಎಣ್ಣೆಯಲ್ಲಿ ಕೊಲೆಸ್ಟೆರಾಲ್ ಇಲ್ಲ' ಎಂದು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿರುವುದನ್ನು ನೋಡಿ ಹೆಚ್ಚು ಹಣ ಕೊಡಬೇಡಿ. ಗಿಡದಿಂದ ಬಂದ ಯಾವ ಎಣ್ಣೆಯಲ್ಲೂ ಲೆಕ್ಕಕ್ಕೆ ಹಿಡಿಯುವಷ್ಟು ಕೊಲೆಸ್ಟೆರಾಲ್ ಎಂದೂ ಇರಲಿಲ್ಲ.

ಒಂದೇ ನಾಳ, ಊರು ಬೇರೆ

ನೀರಿನಲ್ಲಿ ಎಣ್ಣೆ ಬೆರೆಯದಂತೆ ರಕ್ತದಲ್ಲಿ ಕೊಲೆಸ್ಟೆರಾಲ್ ಕರಗುವುದಿಲ್ಲ. ಆದ್ದರಿಂದ ಅದನ್ನು ಪ್ರೋಟೀನಿನ ಹೊದಿಕೆಯಿರುವ ಸಣ್ಣ ಸಣ್ಣ ಕಣಗಳಲ್ಲಿ ತುಂಬಿ ಸಾಗಿಸಬೇಕಾಗುತ್ತದೆ. ಪಿತ್ತಜನಕಾಂಗದಿಂದ ಹೊರಟ ಸರಕಿನ ಬಹುಭಾಗವನ್ನು ಅಂಗಾಂಗಗಳಿಗೆ ಹೊತ್ತೊಯ್ಯುವ ಕಣ ಎಲ್‌ಡಿಎಲ್. ಅಂಗಾಂಗಗಳಲ್ಲಿ ಹೆಚ್ಚಾದದ್ದನ್ನು ಎತ್ತಿಕೊಂಡು ಪಿತ್ತಜನಕಾಂಗಕ್ಕೆ ಹಿಂದಿರುಗಿಸುವ ಕೆಲಸದಲ್ಲಿ ಎಚ್‌ಡಿಎಲ್‌ನ ಪಾತ್ರ ದೊಡ್ಡದು. ಹಾಗಾಗಿಯೇ ಮೊದಲನೆಯದಕ್ಕೆ 'ಕೆಟ್ಟದ್ದು', ಎರಡನೆಯದಕ್ಕೆ 'ಒಳ್ಳೆಯದು' ಎಂಬ ಹೆಸರು ಬಂದಿದೆ. ಪಿತ್ತಜನಕಾಂಗದ ಜೀವಕೋಶಗಳ ಮೇಲೆ ಎಲ್‌ಡಿಎಲ್ ಕಣಗಳನ್ನು ಹಿಡಿದು ಒಳಗೆಳೆದುಕೊಳ್ಳುವ ಕೊಂಡಿಗಳಿವೆ. ಇದನ್ನು ಕಂಡುಹಿಡಿದ ಅಮೆರಿಕದ ಮೈಕೇಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಕೊಂಡಿಗಳು ಕಡಿಮೆಯಾದರೆ ಎಲ್‌ಡಿಎಲ್ ಕಣಗಳು ರಕ್ತದಲ್ಲಿ ಅಲೆಯುತ್ತಲೇ ಇರುತ್ತವೆ.

ಅಲೆಯುವ ಕಣಗಳು ಎಲ್ಲಿಗೆ ಹೋಗುತ್ತವೆ? ರಕ್ತದ ಹರಿವು ಸುಳಿಗೊಳ್ಳುವ ಕಡೆ, ನಾಳಗಳು ಕವಲೊಡೆಯುವ ಕಡೆ, ಒಳಗೋಡೆಯ ಪದರದ ಕೆಳಗೆ ನುಸುಳುತ್ತವೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬೀಡಿ ಸಿಗರೇಟಿನ ಹೊಗೆ ಇವೆಲ್ಲ ಆ ಗೋಡೆಯನ್ನು ಮೊದಲೇ ಹದಗೆಡಿಸಿದ್ದರೆ ದಾರಿ ಇನ್ನೂ ಸಲೀಸು. ಒಳಗೆ ಸೇರಿದ ಜಿಡ್ಡನ್ನು ತಿನ್ನಲು ರಕ್ತದ ಬಿಳಿಕಣಗಳು ಬರುತ್ತವೆ, ತಿಂದು ಅಲ್ಲೇ ಸಾಯುತ್ತವೆ, ಉರಿಯೂತ ಏಳುತ್ತದೆ. ವರ್ಷಗಟ್ಟಲೆ ಹೀಗೆ ನಡೆದು ಗೋಡೆಯಲ್ಲಿ ಜಿಡ್ಡಿನ ಗಂಟು ಬೆಳೆಯುತ್ತದೆ. ಗಂಟು ಬೆಳೆದು ಬೆಳೆದು ನಾಳವನ್ನು ಪೂರ್ತಿ ಮುಚ್ಚುವುದೇ ಅಪಾಯ ಎಂದು ಹಲವರು ತಿಳಿದಿದ್ದಾರೆ. ಅನೇಕ ಸಲ ಅಷ್ಟು ಬೆಳೆಯುವುದಕ್ಕೆ ಮುಂಚೆಯೇ ಗಂಟಿನ ಮೇಲಿನ ತೆಳು ಹೊದಿಕೆ ಬಿರಿಯುತ್ತದೆ. ಬಿರಿದ ಜಾಗದಲ್ಲಿ ರಕ್ತ ಕೆಲವೇ ನಿಮಿಷಗಳಲ್ಲಿ ಹೆಪ್ಪುಗಟ್ಟುತ್ತದೆ.

ಈ ಘಟನೆ ಕತ್ತಿನ ನಾಳದಲ್ಲೋ ಮಿದುಳಿನ ನಾಳದಲ್ಲೋ ನಡೆದರೆ ಪಾರ್ಶ್ವವಾಯು, ಹೃದಯಕ್ಕೆ ರಕ್ತ ಕೊಡುವ ನಾಳದಲ್ಲಿ ನಡೆದರೆ ಹೃದಯಾಘಾತ. ರೋಗ ಒಂದೇ, ಊರು ಬೇರೆ. ಒಂದು ಊರಿನ ಕೊಳಾಯಿಯಲ್ಲಿ ತುಕ್ಕು ಹಿಡಿದಿದೆ ಎಂದರೆ ಅದೇ ಕಾಲದಲ್ಲಿ ಹಾಕಿದ ಪಕ್ಕದ ಊರಿನ ಕೊಳಾಯಿ ಹೊಳೆಯುತ್ತಿರಲು ಹೇಗೆ ಸಾಧ್ಯ? ಪ್ಯಾರಿಸ್ಸಿನ ವೈದ್ಯರು ಪಾರ್ಶ್ವವಾಯುವಿನಿಂದ ತೀರಿಕೊಂಡವರ ಮರಣೋತ್ತರ ಪರೀಕ್ಷೆಗಳನ್ನು ಅಭ್ಯಾಸ ಮಾಡಿ 2007ರಲ್ಲಿ ಪ್ರಕಟಿಸಿದ ವರದಿಯಲ್ಲಿ, ನೂರಕ್ಕೆ 70ಕ್ಕೂ ಹೆಚ್ಚು ಮಂದಿಯ ಹೃದಯದ ನಾಳಗಳಲ್ಲಿ ಜಿಡ್ಡಿನ ಗಂಟುಗಳಿದ್ದವು. ಪಾರ್ಶ್ವವಾಯು ಬಂದವರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ವರ್ಷಕ್ಕೆ ನೂರಕ್ಕೆ ಸುಮಾರು ಇಬ್ಬರಂತೆ ಹೃದಯಾಘಾತ ಕಂಡುಬಂತು. ವರ್ಷಕ್ಕೆ ಇಬ್ಬರು ಎಂದರೆ ಕಡಿಮೆ ಎನಿಸಬಹುದು. ಹತ್ತು ವರ್ಷಕ್ಕೆ ಲೆಕ್ಕ ಹಾಕಿ ನೋಡಿ.

ಒಂದು ಗೊಂದಲ, ಒಂದು ಬೂಷ್ಟು

ಈಗ ನಮಗೆ ಇದೆಲ್ಲ ಸರಳವಾಗಿ ಕಂಡರೂ ವೈದ್ಯಲೋಕ ಈ ವಿಷಯದಲ್ಲಿ ಬಹಳ ಕಾಲ ಗೊಂದಲದಲ್ಲಿತ್ತು. 1995ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಒಂದು ದೊಡ್ಡ ವರದಿ ಬಂತು. ನಾಲ್ಕೂವರೆ ಲಕ್ಷ ಜನರ, 13 ಸಾವಿರ ಪಾರ್ಶ್ವವಾಯು ಪ್ರಕರಣಗಳ ಲೆಕ್ಕ. ಅದರಲ್ಲಿ ಕೊಲೆಸ್ಟೆರಾಲಿಗೂ ಪಾರ್ಶ್ವವಾಯುವಿಗೂ ಸಂಬಂಧವೇ ಕಾಣಲಿಲ್ಲ! ರಕ್ತದೊತ್ತಡದ ಸಂಬಂಧ ಮಾತ್ರ ಎದ್ದು ಕಾಣುತ್ತಿತ್ತು. ಕೊಲೆಸ್ಟೆರಾಲ್ ಹೃದಯದ ತಲೆನೋವು, ಮಿದುಳಿನದಲ್ಲ ಎಂದು ಅನೇಕರು ಅಂದುಕೊಂಡರು.

ಗೊಂದಲಕ್ಕೆ ಒಂದು ಕಾರಣ, ಪಾರ್ಶ್ವವಾಯು ಒಂದೇ ರೋಗವಲ್ಲ. ಐದರಲ್ಲಿ ಸುಮಾರು ನಾಲ್ಕು ಪ್ರಕರಣಗಳಲ್ಲಿ ರಕ್ತನಾಳ ಕಟ್ಟಿಕೊಳ್ಳುತ್ತದೆ. ಉಳಿದವುಗಳಲ್ಲಿ ನಾಳ ಒಡೆದು ಮಿದುಳಿನೊಳಗೆ ಅಥವಾ ಅದರ ಸುತ್ತ ರಕ್ತ ಸೋರುತ್ತದೆ. ಹೆಚ್ಚು ಕೊಲೆಸ್ಟೆರಾಲ್ ಕಟ್ಟಿಕೊಳ್ಳುವ ಬಗೆಯನ್ನು ಹೆಚ್ಚಿಸಿದರೆ, ತೀರ ಕಡಿಮೆ ಕೊಲೆಸ್ಟೆರಾಲ್ ಇರುವವರಲ್ಲಿ ಸೋರುವ ಬಗೆ ತುಸು ಹೆಚ್ಚು ಕಾಣುತ್ತದೆ. ಎರಡನ್ನೂ ಒಂದೇ ಬುಟ್ಟಿಗೆ ಹಾಕಿ ಎಣಿಸಿದರೆ ಒಂದನ್ನೊಂದು ಹೊಡೆದುಹಾಕುತ್ತವೆ.

ಗೊಂದಲ ಬಿಡಿಸಿದ್ದು ಗುಳಿಗೆಯೇ. ಆ ಗುಳಿಗೆಯ ಹುಟ್ಟಿನ ಕತೆ ಚೆನ್ನಾಗಿದೆ. ಜಪಾನಿನ ಅಕಿರಾ ಎಂಡೊ ರೈತ ಕುಟುಂಬದವರು. ಅಣಬೆ, ಬೂಷ್ಟುಗಳೆಂದರೆ ಬಾಲ್ಯದಿಂದಲೂ ಆಸಕ್ತಿ. ಪೆನಿಸಿಲಿನ್ ಕೊಟ್ಟ ಬೂಷ್ಟು ಕೊಲೆಸ್ಟೆರಾಲಿಗೂ ಮದ್ದು ಕೊಡಬಾರದೇಕೆ ಎಂದು ಆರು ಸಾವಿರದಷ್ಟು ಬೂಷ್ಟು, ಅಣಬೆಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಕ್ಯೋಟೊ ನಗರದ ದವಸದ ಅಂಗಡಿಯೊಂದರ ಅಕ್ಕಿಯಲ್ಲಿ ಸಿಕ್ಕ ನೀಲಿ ಹಸಿರು ಬೂಷ್ಟಿನಲ್ಲಿ, 1973ರಲ್ಲಿ, ಅವರು ಹುಡುಕುತ್ತಿದ್ದ ವಸ್ತು ದೊರೆಯಿತು. ಪಿತ್ತಜನಕಾಂಗದಲ್ಲಿ ಕೊಲೆಸ್ಟೆರಾಲ್ ತಯಾರಾಗುವ ಒಂದು ಮುಖ್ಯ ಹಂತವನ್ನು ಅದು ತಡೆಯುತ್ತಿತ್ತು. ತಯಾರಿ ಕಡಿಮೆಯಾದಾಗ ಪಿತ್ತಜನಕಾಂಗ ಹೆಚ್ಚು ಕೊಂಡಿಗಳನ್ನು ಹೊರಚಾಚಿ ರಕ್ತದಿಂದ ಎಲ್‌ಡಿಎಲ್ ಎಳೆದುಕೊಳ್ಳುತ್ತದೆ. ಇಂದು ಸ್ಟ್ಯಾಟಿನ್ ಎಂದು ಕರೆಯುವ ಗುಳಿಗೆಗಳ ಬಳಗ ಬೆಳೆದದ್ದು ಹೀಗೆ. ಎಂಡೊ 2024ರ ಜೂನ್ ತಿಂಗಳಲ್ಲಿ, 90ನೇ ವಯಸ್ಸಿನಲ್ಲಿ ತೀರಿಕೊಂಡರು.

ಪಾರ್ಶ್ವವಾಯು ಬಂದವರಿಗೆ ಈ ಗುಳಿಗೆ ಕೊಟ್ಟರೆ ಏನಾಗುತ್ತದೆ ಎಂದು ನೇರವಾಗಿ ನೋಡಿದ ಪರೀಕ್ಷೆಯ ಫಲಿತಾಂಶ 2006ರಲ್ಲಿ ಬಂತು. ಅದರಲ್ಲಿ ಇದ್ದವರು 4731 ಮಂದಿ. ಎಲ್ಲರಿಗೂ ಕಳೆದ ಒಂದರಿಂದ ಆರು ತಿಂಗಳೊಳಗೆ ಪಾರ್ಶ್ವವಾಯು, ಇಲ್ಲವೇ ಬಂದು ತಾನಾಗಿ ಹೋದ ಅಲ್ಪಕಾಲದ ಪಾರ್ಶ್ವವಾಯು ಆಗಿತ್ತು. ಯಾರಿಗೂ ಹೃದಯದ ನಾಳಗಳ ಕಾಯಿಲೆ ಇದೆಯೆಂದು ಗೊತ್ತಿರಲಿಲ್ಲ. ಅರ್ಧ ಜನಕ್ಕೆ 80 ಮಿಲಿಗ್ರಾಂ ಅಟೊರ್ವಾಸ್ಟ್ಯಾಟಿನ್, ಉಳಿದವರಿಗೆ ಅದೇ ರೂಪದ ಬರೀ ಗುಳಿಗೆ. ಸುಮಾರು ಐದು ವರ್ಷದ ನಂತರ ನೋಡಿದರೆ, ಬರೀ ಗುಳಿಗೆ ನುಂಗಿದವರಲ್ಲಿ ನೂರಕ್ಕೆ 13.1 ಮಂದಿಗೆ ಮತ್ತೆ ಪಾರ್ಶ್ವವಾಯು ಬಂದಿತ್ತು, ಔಷಧ ಪಡೆದವರಲ್ಲಿ 11.2 ಮಂದಿಗೆ. ಹೃದಯಾಘಾತದಂಥ ದೊಡ್ಡ ಹೃದಯದ ಘಟನೆಗಳು 5.1ರಿಂದ 3.4ಕ್ಕೆ ಇಳಿದಿದ್ದವು. ಎಂದರೆ ಮೂರರಲ್ಲೊಂದು ಪಾಲು ಕಡಿಮೆ. ಹೃದಯದ ಕಾಯಿಲೆಯೇ ಇಲ್ಲವೆಂದುಕೊಂಡವರಲ್ಲಿ ಹೃದಯಕ್ಕೆ ಸಿಕ್ಕ ಲಾಭ ಇದು. ಲಕ್ವಕ್ಕೆಂದು ಕೊಟ್ಟ ಗುಳಿಗೆ ಎದೆಯನ್ನು ಇನ್ನೂ ಚೆನ್ನಾಗಿ ಕಾಯುತ್ತಿತ್ತು.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಅದೇ ಪರೀಕ್ಷೆಯಲ್ಲಿ ಮಿದುಳಿನಲ್ಲಿ ರಕ್ತ ಸೋರಿದ ಪ್ರಕರಣಗಳು ಬರೀ ಗುಳಿಗೆಯವರಲ್ಲಿ 33 ಇದ್ದರೆ ಔಷಧ ಪಡೆದವರಲ್ಲಿ 55 ಇದ್ದವು. ಒಟ್ಟು ಲೆಕ್ಕದಲ್ಲಿ ಲಾಭವೇ ಹೆಚ್ಚು. ಆದರೂ ಮೊದಲ ಪಾರ್ಶ್ವವಾಯುವೇ ರಕ್ತ ಸೋರಿ ಬಂದಿದ್ದರೆ ಈ ಗುಳಿಗೆ ಬೇಕೇ ಬೇಡವೇ ಎಂಬುದನ್ನು ನರರೋಗ ತಜ್ಞರೇ ಹೇಳಬೇಕು. ರಕ್ತದೊತ್ತಡವನ್ನು ಹದ್ದಿನಲ್ಲಿಡದೆ ಕೊಲೆಸ್ಟೆರಾಲ್ ಒಂದನ್ನೇ ಇಳಿಸುತ್ತ ಕೂರುವುದೂ ಬುದ್ಧಿವಂತಿಕೆಯಲ್ಲ. ನಾಳ ಒಡೆಯುವುದಕ್ಕೆ ಮೊದಲ ಕಾರಣ ರಕ್ತದೊತ್ತಡ.

'ನಾರ್ಮಲ್' ಎಂದರೆ ಯಾರಿಗೆ?

ಈಗ ಆ ರಿಪೋರ್ಟಿನ ವಿಷಯಕ್ಕೆ ಬರೋಣ. ಪ್ರಯೋಗಾಲಯದ ಹಾಳೆಯಲ್ಲಿ ಒಟ್ಟು ಕೊಲೆಸ್ಟೆರಾಲ್ 190 ಎಂದು ಬಂದಿರುತ್ತದೆ. ಪಕ್ಕದಲ್ಲೇ '200ರೊಳಗೆ' ಎಂದು ಅಚ್ಚಾಗಿರುತ್ತದೆ. ಮನೆಯವರಿಗೆ ಸಮಾಧಾನ. ಆದರೆ ಆ ಅಚ್ಚಾದ ಅಂಕಿ ಆರೋಗ್ಯವಂತರಿಗಾಗಿ ಹಾಕಿದ್ದು. ಒಮ್ಮೆ ನಾಳ ಕಟ್ಟಿಕೊಂಡವರಿಗೆ ಅಳತೆಗೋಲು ಬೇರೆ. ಅವರು ನೋಡಬೇಕಾದ್ದು ಎಲ್‌ಡಿಎಲ್‌ನ ಅಂಕಿಯನ್ನು.

ಅನೇಕ ಪ್ರಯೋಗಾಲಯಗಳು ಎಲ್‌ಡಿಎಲ್ ಅನ್ನು ನೇರವಾಗಿ ಅಳೆಯುವುದಿಲ್ಲ, ಲೆಕ್ಕ ಹಾಕಿ ಬರೆಯುತ್ತವೆ. ಆ ಲೆಕ್ಕವನ್ನು ನೀವೂ ಮಾಡಬಹುದು. ಒಟ್ಟು ಕೊಲೆಸ್ಟೆರಾಲಿನಿಂದ ಎಚ್‌ಡಿಎಲ್ ಕಳೆಯಿರಿ. ಉಳಿದದ್ದರಿಂದ ಟ್ರೈಗ್ಲಿಸರೈಡ್ ಎಂಬ ಕೊಬ್ಬಿನ ಐದನೆಯ ಒಂದು ಭಾಗವನ್ನು ಕಳೆಯಿರಿ. ಮೇಲಿನ 190ರ ಹಾಳೆಯಲ್ಲೇ ಎಚ್‌ಡಿಎಲ್ 40, ಟ್ರೈಗ್ಲಿಸರೈಡ್ 200 ಇದ್ದರೆ, 190ರಿಂದ 40 ಕಳೆದು 150, ಅದರಿಂದ ಮತ್ತೆ 40 ಕಳೆದರೆ ಎಲ್‌ಡಿಎಲ್ 110. (ಟ್ರೈಗ್ಲಿಸರೈಡ್ 400 ದಾಟಿದ್ದರೆ ಈ ಲೆಕ್ಕ ನಡೆಯುವುದಿಲ್ಲ.) ಜಿಡ್ಡಿನ ಗಂಟಿನಿಂದಾಗಿ ಪಾರ್ಶ್ವವಾಯು ಬಂದವರಲ್ಲಿ ಇದು 70ಕ್ಕಿಂತ ಕೆಳಗಿರಬೇಕು ಎನ್ನುವುದು ಇಂದಿನ ವೈದ್ಯಮತ. ಫ್ರಾನ್ಸ್ ಮತ್ತು ದಕ್ಷಿಣ ಕೊರಿಯಾದಲ್ಲಿ 2860 ಜನರ ಮೇಲೆ ನಡೆದು 2020ರಲ್ಲಿ ಮುದ್ರಿತವಾದ ಪರೀಕ್ಷೆ ಇದಕ್ಕೆ ಆಧಾರ. ಅಲ್ಲಿ ಅರ್ಧ ಜನರ ಎಲ್‌ಡಿಎಲ್ ಅನ್ನು 90ರಿಂದ 110ರ ನಡುವೆ, ಉಳಿದವರದನ್ನು 70ಕ್ಕಿಂತ ಕೆಳಗೆ ಇರಿಸುವ ಪ್ರಯತ್ನ ಮಾಡಿದರು. ಮೊದಲ ಗುಂಪಿನಲ್ಲಿ ನೂರಕ್ಕೆ 10.9 ಮಂದಿಗೆ ಮತ್ತೆ ಪಾರ್ಶ್ವವಾಯು, ಹೃದಯಾಘಾತ ಮೊದಲಾದ ದೊಡ್ಡ ಆಘಾತಗಳಾದವು; ಎರಡನೆಯ ಗುಂಪಿನಲ್ಲಿ 8.5 ಮಂದಿಗೆ. ಹೀಗಾಗಿ ನಿಮ್ಮ ಮನೆಯ ಹಾಳೆಯ 110 ಆರೋಗ್ಯವಂತ ಅಳಿಯನಿಗೆ ತೃಪ್ತಿಕರ ಇರಬಹುದು, ಲಕ್ವದಿಂದ ಎದ್ದ ಮಾವನಿಗೆ ಅಲ್ಲ.

ಇನ್ನೊಂದು ಸಂದರ್ಭ ಇನ್ನೂ ಮೋಸದ್ದು. ಗುಳಿಗೆ ನುಂಗುತ್ತಿರುವಾಗ ಎಲ್‌ಡಿಎಲ್ 65ಕ್ಕೆ ಇಳಿಯುತ್ತದೆ. 'ಈಗ ಸರಿಯಾಯಿತಲ್ಲ' ಎಂದು ಗುಳಿಗೆ ನಿಲ್ಲಿಸುತ್ತಾರೆ. ಆ 65 ಇರುವುದು ಗುಳಿಗೆಯ ಕೃಪೆಯಿಂದ. ನಿಲ್ಲಿಸಿದ ಕೆಲವೇ ವಾರಗಳಲ್ಲಿ ಅಂಕಿ ಮೊದಲಿದ್ದ ಜಾಗಕ್ಕೆ ಮರಳುತ್ತದೆ. ಕೊಡೆ ಹಿಡಿದಿದ್ದರಿಂದ ನೆನೆಯಲಿಲ್ಲ ಎಂದು ನಡುಮಳೆಯಲ್ಲಿ ಕೊಡೆ ಮಡಿಸಿದಂತೆ. ಗುಳಿಗೆ ಆರಂಭಿಸಿದ ಅಥವಾ ಪ್ರಮಾಣ ಬದಲಿಸಿದ 4ರಿಂದ 12 ವಾರಗಳಲ್ಲಿ ಒಮ್ಮೆ, ಆಮೇಲೆ ವೈದ್ಯರು ಹೇಳಿದಂತೆ ಮೂರರಿಂದ ಹನ್ನೆರಡು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಿದರೆ ಸಾಕು. ಒಂದೇ ಗುಳಿಗೆಯಿಂದ 70ರ ಕೆಳಗೆ ಇಳಿಯದಿದ್ದರೆ, ಕರುಳಿನಿಂದ ಕೊಲೆಸ್ಟೆರಾಲ್ ಹೀರದಂತೆ ತಡೆಯುವ ಎಜೆಟಿಮೈಬ್ ಎಂಬ ಇನ್ನೊಂದನ್ನು ಸೇರಿಸುತ್ತಾರೆ. ಚುಚ್ಚುಮದ್ದುಗಳೂ ಬಂದಿವೆ. ಅವು ದುಬಾರಿ, ಎಲ್ಲರಿಗೂ ಬೇಕಾಗುವುದಿಲ್ಲ.

ಒಳ್ಳೆಯ ಕೊಲೆಸ್ಟೆರಾಲಿನ ಒಳ್ಳೆಯತನ

'ನನ್ನ ಎಚ್‌ಡಿಎಲ್ 60 ಇದೆ, ಒಳ್ಳೆಯದೇ ಅಷ್ಟಿರುವಾಗ ಕೆಟ್ಟದ್ದರ ಭಯ ಯಾಕೆ?' ಎಂದು ಕೇಳುವವರಿದ್ದಾರೆ. ಒಂದು ಕಾಲದಲ್ಲಿ ವೈದ್ಯರೂ ಹಾಗೇ ಭಾವಿಸಿದ್ದರು. ಎಚ್‌ಡಿಎಲ್ ಕಡಿಮೆ ಇರುವವರಿಗೆ ಹೃದಯಾಘಾತ ಹೆಚ್ಚು. ಹಾಗಾದರೆ ಅದನ್ನು ಏರಿಸಿದರೆ ಆಘಾತ ಕಡಿಮೆಯಾಗಬೇಕಲ್ಲ? ಔಷಧ ಕಂಪನಿಗಳು ಇದಕ್ಕಾಗಿ ಅಪಾರ ಹಣ ಸುರಿದವು. ಟೊರ್ಸೆಟ್ರಾಪಿಬ್ ಎಂಬ ಔಷಧ ಎಚ್‌ಡಿಎಲ್ ಅನ್ನು ಭರ್ಜರಿಯಾಗಿ ಏರಿಸಿತು. ಆದರೆ ಅದನ್ನು ಪಡೆದವರಲ್ಲಿ ಸಾವುಗಳು ಹೆಚ್ಚಾದದ್ದರಿಂದ 2006ರ ಡಿಸೆಂಬರಿನಲ್ಲಿ ಪರೀಕ್ಷೆಯನ್ನೇ ನಿಲ್ಲಿಸಬೇಕಾಯಿತು. ನಯಾಸಿನ್ ಎಂಬ ಹಳೆಯ ಔಷಧವೂ ಅಂಕಿಯನ್ನು ಏರಿಸಿತು, ಸ್ಟ್ಯಾಟಿನ್ ಜೊತೆಗೆ ಸೇರಿಸಿ ಕೊಟ್ಟಾಗ ಹೆಚ್ಚುವರಿ ಲಾಭವೇನೂ ಕಾಣಲಿಲ್ಲ.

ತಪ್ಪಿದ್ದು ಎಲ್ಲಿ? ಊರಿನ ಕಸ ಸಾಗಿಸಲು ಎಷ್ಟು ಗಾಡಿಗಳಿವೆ ಎಂದು ಎಣಿಸಿದರು. ಪ್ರತಿ ಗಾಡಿ ದಿನಕ್ಕೆ ಎಷ್ಟು ಕಸ ಎತ್ತುತ್ತದೆ ಎಂದು ನೋಡಲಿಲ್ಲ. ನಿಂತಲ್ಲೇ ನಿಂತಿರುವ ನೂರು ಗಾಡಿಗಳಿಗಿಂತ ಓಡಾಡುವ ನಲವತ್ತು ಮೇಲು. ಅಮೆರಿಕದ ಡಲ್ಲಾಸ್ ನಗರದಲ್ಲಿ 2416 ಜನರ ರಕ್ತದಲ್ಲಿ ಎಚ್‌ಡಿಎಲ್ ಜೀವಕೋಶಗಳಿಂದ ಕೊಲೆಸ್ಟೆರಾಲನ್ನು ಎಷ್ಟು ಎತ್ತಬಲ್ಲದು ಎಂದು ಅಳೆದು, ಒಂಬತ್ತು ವರ್ಷಕ್ಕೂ ಹೆಚ್ಚು ಕಾಲ ಅವರನ್ನು ಗಮನಿಸಿದರು. 2014ರಲ್ಲಿ ಬಂದ ಫಲಿತಾಂಶ ಸ್ಪಷ್ಟವಾಗಿತ್ತು. ಎತ್ತುವ ಶಕ್ತಿ ಹೆಚ್ಚಿದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯುಗಳು ಬಹಳ ಕಡಿಮೆ. ಎಚ್‌ಡಿಎಲ್ ಅಂಕಿ ಎಷ್ಟೆಂಬುದು, ಉಳಿದ ಕಾರಣಗಳನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡಾಗ, ಮುಖ್ಯವೆನಿಸಲಿಲ್ಲ. ಸಕ್ಕರೆ ಕಾಯಿಲೆ, ಧೂಮಪಾನ, ಶರೀರದೊಳಗೆ ಮುಂದುವರಿಯುವ ಉರಿಯೂತ ಇವು ಈ ಗಾಡಿಗಳ ಚಕ್ರ ಸಡಿಲಿಸುತ್ತವೆ. ಪಾರ್ಶ್ವವಾಯು ಬಂದ ಬಹುಮಂದಿಯಲ್ಲಿ ಇವುಗಳಲ್ಲಿ ಒಂದಲ್ಲ ಒಂದು ಇದ್ದೇ ಇರುತ್ತದೆ ಎಂಬುದನ್ನು ನೆನಪಿಡಿ.

ಎತ್ತುವ ಶಕ್ತಿಯನ್ನು ಅಳೆಯುವ ಪರೀಕ್ಷೆ ನಿಮ್ಮ ಊರಿನ ಪ್ರಯೋಗಾಲಯದಲ್ಲಿ ಸಿಗುವಂಥದ್ದಲ್ಲ, ಸಂಶೋಧಕರ ಮಟ್ಟದಲ್ಲೇ ಉಳಿದಿದೆ. ಆದ್ದರಿಂದ ನಿಮಗೆ ಇದರಿಂದ ತಿಳಿಯಬೇಕಾದ್ದು ಇಷ್ಟೇ: ಎಚ್‌ಡಿಎಲ್ ಚೆನ್ನಾಗಿದೆ ಎಂದು ಎಲ್‌ಡಿಎಲ್ ಗುಳಿಗೆ ಬಿಡಬೇಡಿ, 'ಒಳ್ಳೆಯ ಕೊಲೆಸ್ಟೆರಾಲ್ ಹೆಚ್ಚಿಸುತ್ತದೆ' ಎಂದು ಮಾರುವ ಕ್ಯಾಪ್ಸೂಲುಗಳಿಗೆ ದುಡ್ಡು ಸುರಿಯಬೇಡಿ.

ಗುಳಿಗೆಯ ಭಯ

ಸ್ಟ್ಯಾಟಿನ್‌ಗಳ ಬಗ್ಗೆ ಇರುವಷ್ಟು ಗಾಳಿಸುದ್ದಿ ಬೇರೆ ಯಾವ ಗುಳಿಗೆಯ ಬಗ್ಗೆಯೂ ಇಲ್ಲವೇನೋ. ಲಿವರ್ ಕೆಡುತ್ತದೆ ಎಂಬುದು ಅದರಲ್ಲಿ ಮೊದಲನೆಯದು. ರಕ್ತಪರೀಕ್ಷೆಯಲ್ಲಿ ಪಿತ್ತಜನಕಾಂಗದ ಕಿಣ್ವಗಳು ಕೆಲವರಲ್ಲಿ ಸ್ವಲ್ಪ ಏರುತ್ತವೆ. ನಿಜವಾಗಿ ಅಂಗಕ್ಕೆ ಹಾನಿಯಾಗುವುದು ತೀರ ವಿರಳ. ಸಕ್ಕರೆ ಕಾಯಿಲೆಯ ಅಂಚಿನಲ್ಲಿರುವವರನ್ನು ಇದು ಸ್ವಲ್ಪ ಬೇಗ ಅಂಚು ದಾಟಿಸಬಹುದು ಎಂಬುದು ನಿಜ. ಆದರೂ ಪಾರ್ಶ್ವವಾಯು ಬಂದವರಲ್ಲಿ ಲಾಭದ ತಕ್ಕಡಿಯೇ ತೂಗುತ್ತದೆ. ಮರೆವು ಬರುತ್ತದೆ, ಮಿದುಳು ಸೊರಗುತ್ತದೆ ಎನ್ನುವವರಿಗೆ ಒಂದು ಸಂಗತಿ ತಿಳಿದಿರಲಿ. ಮಿದುಳು ತನಗೆ ಬೇಕಾದ ಕೊಲೆಸ್ಟೆರಾಲನ್ನು ತಾನೇ ತಯಾರಿಸಿಕೊಳ್ಳುತ್ತದೆ. ರಕ್ತದ ಎಲ್‌ಡಿಎಲ್ ಅದರೊಳಗೆ ಹೋಗುವುದೇ ಇಲ್ಲ. ರಕ್ತದ ಅಂಕಿ ಇಳಿದರೆ ಮಿದುಳಿಗೆ ಉಪವಾಸ ಎಂದೇನೂ ಇಲ್ಲ.

ಮೈಕೈ ನೋವಿನ ವಿಷಯ ಸ್ವಲ್ಪ ಬೇರೆ. ಸ್ನಾಯುಗಳ ನೋವು ಕೆಲವರಿಗೆ ನಿಜಕ್ಕೂ ಬರುತ್ತದೆ. ಆದರೆ ಹೇಳಿಕೊಳ್ಳುವ ನೋವೆಲ್ಲ ಗುಳಿಗೆಯದೇ? ಲಂಡನ್ನಿನಲ್ಲಿ ನಡೆದು 2020ರಲ್ಲಿ ಪ್ರಕಟವಾದ ಒಂದು ಸ್ವಾರಸ್ಯದ ಪರೀಕ್ಷೆ ಇದೆ. ತೊಂದರೆಯಾಯಿತೆಂದು ಸ್ಟ್ಯಾಟಿನ್ ಬಿಟ್ಟಿದ್ದ 60 ಮಂದಿಗೆ ಹನ್ನೆರಡು ಶೀಶೆ ಕೊಟ್ಟರು. ನಾಲ್ಕರಲ್ಲಿ ನಿಜವಾದ ಗುಳಿಗೆ, ನಾಲ್ಕರಲ್ಲಿ ಬರೀ ಗುಳಿಗೆ, ನಾಲ್ಕು ಖಾಲಿ. ತಿಂಗಳಿಗೊಂದು ಶೀಶೆ. ತುಂಬಿದ ಶೀಶೆಯಲ್ಲಿ ಯಾವುದು ಅಸಲಿ ಎಂದು ಯಾರಿಗೂ ಗೊತ್ತಿಲ್ಲ. ಖಾಲಿ ಶೀಶೆಯ ತಿಂಗಳಲ್ಲಿ ತೊಂದರೆ ಕಡಿಮೆ. ಗುಳಿಗೆ ನುಂಗಿದ ತಿಂಗಳಲ್ಲಿ ಹೆಚ್ಚು. ಆದರೆ ಅಸಲಿ ಗುಳಿಗೆಯಲ್ಲಿ ಕಂಡ ತೊಂದರೆಯ ನೂರಕ್ಕೆ 90 ಪಾಲು ಬರೀ ಗುಳಿಗೆಯಲ್ಲೂ ಕಂಡಿತು! ಅವರು ಸುಳ್ಳು ಹೇಳಲಿಲ್ಲ, ನೋವು ನಿಜವಾಗಿಯೇ ಆಗಿತ್ತು. ನೋವು ತಂದದ್ದು ಗುಳಿಗೆ ನುಂಗುತ್ತಿದ್ದೇನೆ ಎಂಬ ಅಳುಕು.

ಆದ್ದರಿಂದ ನೋವು ಬಂದರೆ ನೀವಾಗಿಯೇ ಬಿಡಬೇಡಿ, ವೈದ್ಯರಿಗೆ ಹೇಳಿ. ಪ್ರಮಾಣ ಇಳಿಸಬಹುದು, ಬಳಗದ ಬೇರೊಂದು ಗುಳಿಗೆಗೆ ಬದಲಿಸಬಹುದು. ಆದರೆ ತೋಳು ತೊಡೆಗಳಲ್ಲಿ ವಿಪರೀತ ನೋವು, ನಿಶ್ಶಕ್ತಿ, ಜೊತೆಗೆ ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಮಾತ್ರ ತಡಮಾಡದೆ ಗುಳಿಗೆ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಇದು ಬಹಳ ವಿರಳ. ಕ್ಲಾರಿಥ್ರೊಮೈಸಿನ್‌ನಂಥ ಕೆಲವು ಜೀವಿರೋಧಕಗಳ ಜೊತೆಯಲ್ಲಿ ಈ ತೊಂದರೆಯ ಸಂಭವ ಹೆಚ್ಚುವುದರಿಂದ, ಬೇರೆ ಕಾಯಿಲೆಗೆ ಬೇರೆ ವೈದ್ಯರ ಬಳಿ ಹೋದಾಗ ನುಂಗುತ್ತಿರುವ ಎಲ್ಲ ಗುಳಿಗೆಗಳ ಪಟ್ಟಿ ತೋರಿಸಿ. ಅಟೊರ್ವಾಸ್ಟ್ಯಾಟಿನ್, ರೋಸುವಾಸ್ಟ್ಯಾಟಿನ್‌ಗಳನ್ನು ರಾತ್ರಿಯೇ ನುಂಗಬೇಕೆಂದಿಲ್ಲ. ರಾತ್ರಿ ಮರೆಯುವವರು ಬೆಳಗಿನ ಗುಳಿಗೆಗಳ ಜೊತೆ ಸೇರಿಸಿಕೊಳ್ಳಲಿ.

ಎಲ್ಲ ಲಕ್ವವೂ ಜಿಡ್ಡಿನದಲ್ಲ

ನಮ್ಮಲ್ಲಿ ಬಾಲ್ಯದ ಕೀಲುವಾತ ಜ್ವರದಿಂದ ಹೃದಯದ ಕವಾಟ ಹಾಳಾಗಿ, ಹೃದಯದೊಳಗೆ ಹೆಪ್ಪುಗಟ್ಟಿದ ರಕ್ತ ಮಿದುಳಿಗೆ ಹೋಗಿ ಸಿಕ್ಕಿಕೊಳ್ಳುವುದುಂಟು. ವಯಸ್ಸಾದವರಲ್ಲಿ ಹೃದಯದ ಬಡಿತ ಲಯ ತಪ್ಪಿ ಹೀಗಾಗುವುದುಂಟು. ಬಾಣಂತಿಯರಲ್ಲಿ ಮಿದುಳಿನ ಅಶುದ್ಧರಕ್ತನಾಳದಲ್ಲಿ ಹೆಪ್ಪುಗಟ್ಟುವುದುಂಟು. ಇವರಿಗೆಲ್ಲ ಮುಖ್ಯ ಮದ್ದು ಬೇರೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವುದು. ಹಾಗಾಗಿ ಆಸ್ಪತ್ರೆಯಿಂದ ಹೊರಡುವಾಗ ವೈದ್ಯರನ್ನು ಒಂದು ಪ್ರಶ್ನೆ ಕೇಳಿ ಉತ್ತರವನ್ನು ಬರೆಸಿಕೊಳ್ಳಿ: 'ಇವರಿಗೆ ಯಾವ ಬಗೆಯ ಪಾರ್ಶ್ವವಾಯು ಆಗಿದ್ದು, ಯಾಕೆ ಆಯಿತು?' ಎದುರುಮನೆಯವರ ಗುಳಿಗೆಯ ಪಟ್ಟಿಗೂ ನಿಮ್ಮದಕ್ಕೂ ಯಾಕೆ ವ್ಯತ್ಯಾಸ ಎಂಬುದು ಇದರಿಂದ ಗೊತ್ತಾಗುತ್ತದೆ.

ಊಟದ ಬಗ್ಗೆ ಈ ಅಂಕಣದಲ್ಲಿ ಹಲವು ಸಲ ಬರೆದದ್ದಾಗಿದೆ, ಎರಡೇ ಮಾತು. ಡಾಲ್ಡಾ ಎಂದೇ ನಮ್ಮ ಬಾಯಲ್ಲಿ ನಿಂತಿರುವ ವನಸ್ಪತಿಯಲ್ಲಿನ ಟ್ರಾನ್ಸ್ ಕೊಬ್ಬು ಎಲ್ಲಕ್ಕಿಂತ ಕೆಟ್ಟದ್ದು. 2022ರ ಜನವರಿಯಿಂದ ಎಣ್ಣೆ, ವನಸ್ಪತಿಗಳಲ್ಲಿ ಅದು ನೂರಕ್ಕೆ ಎರಡಕ್ಕಿಂತ ಹೆಚ್ಚಿರಬಾರದು ಎಂಬ ಕಾಯಿದೆ ಬಂದಿದೆಯಾದರೂ, ಕಾದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಸುವ ಬೋಂಡದ ಬಾಣಲೆಯ ಬಗ್ಗೆ ಎಚ್ಚರ ಬೇಕು. ತುಪ್ಪ, ತೆಂಗಿನೆಣ್ಣೆಗಳು ವಿಷವಲ್ಲ, ಆದರೆ ಅವೂ ಎಲ್‌ಡಿಎಲ್ ಏರಿಸುತ್ತವೆ. ಪಾರ್ಶ್ವವಾಯು ಬಂದವರ ತಟ್ಟೆಯಲ್ಲಿ ಕೈ ಬಿಗಿಹಿಡಿದಷ್ಟೂ ಒಳ್ಳೆಯದು. ಕಾಳು, ಸೊಪ್ಪು, ತರಕಾರಿ ಹೆಚ್ಚಲಿ, ಉಪ್ಪಿನಕಾಯಿ ಹಪ್ಪಳ ಇಳಿಯಲಿ. ಬೀಡಿ, ಸಿಗರೇಟು, ತಂಬಾಕಿನ ವಿಷಯದಲ್ಲಿ ರಾಜಿ ಇಲ್ಲ. ಹಾಗೆಂದು ಪಥ್ಯವೊಂದರಿಂದಲೇ ಎಲ್‌ಡಿಎಲ್ 110ರಿಂದ 70ರ ಕೆಳಗೆ ಇಳಿಯುವುದು ಅಪರೂಪ. ಪಥ್ಯ ಗುಳಿಗೆಯ ಜೊತೆಗಾರ, ಬದಲಿಯಲ್ಲ.

ಕೊನೆಗೆ, ಮನೆಯವರು ಮಾತ್ರ ಮಾಡಬಹುದಾದ ಒಂದು ಕೆಲಸ. ಮಿದುಳಿನ ಎಡಭಾಗದಲ್ಲಿ ಪಾರ್ಶ್ವವಾಯು ಆದವರಲ್ಲಿ ಅನೇಕರಿಗೆ ಬಲಗೈ ಬಲಗಾಲಿನ ಜೊತೆ ಮಾತೂ ಹೋಗಿರುತ್ತದೆ. ಅವರಿಗೆ ಎದೆನೋವು ಬಂದರೆ ಹೇಳುವುದು ಹೇಗೆ? 'ಸುಮ್ಮನೆ ಹಟ ಮಾಡುತ್ತಿದ್ದಾರೆ', 'ಊಟ ಬೇಡವೆನ್ನುತ್ತಿದ್ದಾರೆ' ಎಂದು ನಾವು ತಿಳಿಯುವ ಹೊತ್ತಿನಲ್ಲಿ ಒಳಗೆ ಹೃದಯಾಘಾತ ನಡೆಯುತ್ತಿರಬಹುದು. ಸಕ್ಕರೆ ಕಾಯಿಲೆಯೂ ಇದ್ದರೆ ನೋವೇ ಇಲ್ಲದಿರಬಹುದು. ಇದ್ದಕ್ಕಿದ್ದಂತೆ ಮೈ ತಣ್ಣಗಾಗಿ ಬೆವರುವುದು, ಉಸಿರು ಮೇಲೆ ಕೆಳಗಾಗುವುದು, ಮುಖ ಬಿಳಿಚಿಕೊಳ್ಳುವುದು, ಚಡಪಡಿಕೆ, ವಾಂತಿ, ಮತ್ತೆ ಮತ್ತೆ ಎದೆಗೋ ದವಡೆಗೋ ಒಳ್ಳೆಯ ಕೈ ಹೋಗುವುದು ಇವನ್ನು ಕಂಡರೆ ಮಾತಿಗಾಗಿ ಕಾಯಬೇಡಿ. 108ಕ್ಕೆ ಕರೆ ಮಾಡಿ, ಇಸಿಜಿ ತೆಗೆಯುವ ಆಸ್ಪತ್ರೆಗೆ ಕರೆದೊಯ್ಯಿರಿ. ಹಾಗೆಯೇ ಬಾಯಿ ಸೊಟ್ಟಗಾದರೆ, ಒಳ್ಳೆಯ ಕೈಯೂ ಜೋತುಬಿದ್ದರೆ, ಇದ್ದ ಅಷ್ಟಿಷ್ಟು ಮಾತೂ ತೊದಲಿದರೆ, ಅದು ಶುರುವಾದ ವೇಳೆಯನ್ನು ಗಡಿಯಾರ ನೋಡಿ ಬರೆದಿಟ್ಟುಕೊಳ್ಳಿ. ಹೆಪ್ಪು ಕರಗಿಸುವ ಮದ್ದು ಕೊಡಬಹುದಾದ ಮಾಮೂಲಿ ಗಡುವು ನಾಲ್ಕೂವರೆ ಗಂಟೆ. ಅದರೊಳಗೂ ಬೇಗ ಹೋದಷ್ಟು ಉಳಿಯುವುದು ಹೆಚ್ಚು.

ಚಿಕ್ಕ ವಯಸ್ಸಿನಲ್ಲೇ, ಎಂದರೆ ಗಂಡಸರಲ್ಲಿ 55ಕ್ಕೆ, ಹೆಂಗಸರಲ್ಲಿ 65ಕ್ಕೆ ಮುಂಚೆ ಹೀಗಾಗಿದ್ದರೆ ಮಕ್ಕಳು, ಒಡಹುಟ್ಟಿದವರು ಎಲ್ಲರೂ ಒಮ್ಮೆ ಕೊಲೆಸ್ಟೆರಾಲ್ ಪರೀಕ್ಷೆ ಮಾಡಿಸಿಕೊಳ್ಳಬೇಕು. ಹುಟ್ಟಿನಿಂದಲೇ ಎಲ್‌ಡಿಎಲ್ ಕೊಂಡಿಗಳು ಕಡಿಮೆ ಇರುವ ಕುಟುಂಬಗಳಿವೆ. ಅಂಥವರಲ್ಲಿ ಎಲ್‌ಡಿಎಲ್ 190 ದಾಟಿರುವುದು ಸಾಮಾನ್ಯ. ಲೈಪೊಪ್ರೋಟೀನ್-ಎ ಎಂಬ ಇನ್ನೊಂದು ಕಣವೂ ವಂಶದಲ್ಲಿ ಬರುತ್ತದೆ. ಅದನ್ನು ಜೀವಮಾನದಲ್ಲಿ ಒಮ್ಮೆ ಅಳೆದರೆ ಸಾಕು. ಅಪ್ಪನ ಗುಳಿಗೆ ತರಲು ಔಷಧದ ಅಂಗಡಿಗೆ ಹೋಗುವ ಮಗ ಅದೇ ದಿನ ತನ್ನ ರಕ್ತವನ್ನೂ ಕೊಟ್ಟು ಬರಬಹುದು.